ಅಟ್ಟದಿಂದ ಇಳಿಯುವಷ್ಟು ಹೊತ್ತು

ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟವಳು ಅತ್ತಿಗೆ. ಮದುವೆಯಾಗಿ ಮನೆಗೆ ಬಂದ ಹೊಸದರಲ್ಲಿ, ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಮೈದುನನನ್ನು ಕೇಳಿದ್ದಳು. ಅವನು ಲೋಟ ನೋಡಿದ, ಚಮಚ ನೋಡಿದ, ಉತ್ತರ ಕೊಡುವಷ್ಟರಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ‘ಇವನನ್ನ ಟೈಮ್ ಎಷ್ಟು ಅಂತ ಮಾತ್ರ ಕೇಳಬೇಡ ಕಣೇ, ಹೇಳೋಷ್ಟರಲ್ಲಿ ಟೈಮೇ ಬದಲಾಗಿರುತ್ತೆ’ ಎಂದು ಅಣ್ಣ ಒಗ್ಗರಣೆ ಹಾಕಿದ. ಅಣ್ಣ ಎಲೆಕ್ಟ್ರಿಷಿಯನ್. ಸ್ವಿಚ್ ಒತ್ತಿದರೆ ದೀಪ ಹತ್ತಬೇಕು, ಹತ್ತದಿದ್ದರೆ ಎಲ್ಲೋ ತಂತಿ ಕಿತ್ತಿದೆ, ನಡುವೆ ಯೋಚಿಸುವುದೇನಿದೆ ಎನ್ನುವ ಆಸಾಮಿ.

ಇಂಥ ನಿಧಾನಪ್ಪನಿಗೆ ಸಿಕ್ಕ ಕೆಲಸವಾದರೂ ಎಂಥದು? ಕಂಪ್ಯೂಟರುಗಳು ಯಾಕೆ ನಿಧಾನವಾಗುತ್ತವೆ ಎಂದು ಪತ್ತೆ ಹಚ್ಚುವುದು. ಎಲ್ಲ ಪ್ರೋಗ್ರಾಮುಗಳ ಕೆಳಗೆ ಕರ್ನಲ್ ಎನ್ನುವುದೊಂದು ಕೂತಿರುತ್ತದೆ. ಯಾರಿಗೆ ಎಷ್ಟು ಮೆಮೊರಿ, ಯಾರ ಸರದಿ ಯಾವಾಗ ಎಂದು ಹಂಚುವುದು ಅದರ ಕೆಲಸ. ಮನೆಯಲ್ಲಿ ಬಡಿಸುವವಳ ಹಾಗೆ: ಎಲ್ಲರೂ ಅವಳ ಕೈಯಿಂದಲೇ ಉಣ್ಣುತ್ತಾರೆ, ಊಟ ತಡವಾದಾಗ ಮಾತ್ರ ಅವಳ ನೆನಪಾಗುತ್ತದೆ. ಹಾಗೆ ತಡವಾದಲ್ಲಿಗೆ ಅವನನ್ನು ಕರೆಸುತ್ತಿದ್ದರು. ಅವನಿಗಿದ್ದ ನೇಮ ಒಂದೇ, ಅಳೆಯದೆ ಬಾಯಿ ಬಿಡಬಾರದು. ಯಾರು ಏನು ಕೇಳಿದರೂ ‘ತಾಳಿ, ನೋಡಿ ಹೇಳ್ತೀನಿ’ ಎನ್ನುತ್ತಿದ್ದ. ಆಫೀಸಿನಲ್ಲಿ ಇದಕ್ಕೆ ಮರ್ಯಾದೆಯಿತ್ತು, ಮನೆಯಲ್ಲಿ ತಮಾಷೆಯಿತ್ತು. ಎರಡೂ ಕಡೆ ಒಂದು ನಂಬಿಕೆ ಮಾತ್ರ ಸಮನಾಗಿತ್ತು. ತಡವಾಗಿ ಹೇಳಿದರೂ ಇವನು ಸುಳ್ಳು ಹೇಳುವುದಿಲ್ಲ.

ಅತ್ತಿಗೆ ಆಂಬುಲೆನ್ಸ್ ಕರೆ ಕೇಂದ್ರದಲ್ಲಿದ್ದಳು. ಕಿವಿಗೆ ಹೆಡ್‌ಫೋನ್, ಎದುರಿಗೆ ಸ್ಕ್ರೀನು, ಅದರಲ್ಲೊಂದು ಫಾರಂ. ಕರೆ ಮಾಡಿದವರು ಹೇಳಿದ ವಿಳಾಸವನ್ನು ಟೈಪ್ ಮಾಡಿ ಕಳಿಸಿದರೆ ಹತ್ತಿರದ ಗಾಡಿಗೆ ಅದು ಹೋಗುತ್ತಿತ್ತು. ಹಿಂದೆ ಯಾರೋ ಚೀಟಿಯಲ್ಲಿ ಬರೆದು ಮನೆಯ ಸಂಖ್ಯೆಯನ್ನು ತಪ್ಪು ಮಾಡಿದ್ದರಿಂದ ಮೇಜಿನ ಮೇಲೆ ಪೆನ್ನು ಕಾಗದ ಇಡಬಾರದೆಂಬ ಕಟ್ಟಪ್ಪಣೆಯಿತ್ತು. ಕೇಳಿದ್ದು ಕಿವಿಯಿಂದ ನೇರ ಬೆರಳಿಗೆ ಇಳಿಯಬೇಕು. ವರ್ಷಗಟ್ಟಲೆ ಹಾಗೆ ಮಾಡಿದವರ ತಲೆಯಲ್ಲಿ ವಿಳಾಸ ನಿಲ್ಲುವುದೇ ಇಲ್ಲ, ಬೆರಳಿನಿಂದ ಹೊರಟುಹೋಗುತ್ತದೆ.

ಆ ದಿನ ಮಧ್ಯಾಹ್ನ ಊಟದ ನಂತರ ಒಬ್ಬ ದರ್ಜಿಯ ಹೆಂಡತಿ ಕರೆ ಮಾಡಿದಳು. ಗಂಡ ಹೊಲಿಗೆ ಯಂತ್ರದ ಮೇಲೆಯೇ ಎದೆ ಹಿಡಿದುಕೊಂಡು ಕುಸಿದಿದ್ದ. ಅವಳು ಅಳುತ್ತಲೇ ವಿಳಾಸ ಹೇಳಿದಳು. ಕರೆಯ ಧ್ವನಿಮುದ್ರಣದಲ್ಲಿ ಅಲ್ಲಿಯವರೆಗೆ ಎಲ್ಲ ಸರಿಯಿದೆ. ಆಮೇಲೆ ಅತ್ತಿಗೆಯ ಧ್ವನಿ: ‘ಒಂದು ನಿಮಿಷ ಇರಿ ಅಮ್ಮ.’ ಆಮೇಲೆ ಏನೂ ಇಲ್ಲ. ಕೇಳುವವರ ಎದೆ ಒಡೆಯುವಷ್ಟು ಉದ್ದದ ಖಾಲಿ. ಕೊನೆಗೆ ಮತ್ತೆ ಅತ್ತಿಗೆ: ‘ಅಮ್ಮ, ವಿಳಾಸ ಇನ್ನೊಂದು ಸಲ ಹೇಳಿ. ಅಮ್ಮ, ಕೇಳಿಸ್ತಿದೆಯಾ?’ ಅಷ್ಟರಲ್ಲಿ ಆ ಹೆಂಗಸು ಫೋನನ್ನು ಎಲ್ಲೋ ಇಟ್ಟು ಗಂಡನ ಹತ್ತಿರ ಓಡಿದ್ದಳು. ದೂರದಿಂದ ಅವಳು ಅವನನ್ನು ಕೂಗಿ ಎಬ್ಬಿಸುತ್ತಿರುವುದು ಮಾತ್ರ ಕೇಳುತ್ತದೆ. ಫೋನ್ ಸಂಖ್ಯೆಯಿಂದ ಮನೆ ಹುಡುಕಿ ಗಾಡಿ ತಲುಪಿದಾಗ ದರ್ಜಿ ಹೋಗಿದ್ದ. ಬೇಗ ಬಂದಿದ್ದರೆ ಉಳಿಯಬಹುದಿತ್ತು ಎಂದು ಡಾಕ್ಟರು ಹೇಳಿದರು.

ಅತ್ತಿಗೆ ಹೇಳಿದ್ದು ಒಂದೇ ಮಾತು. ‘ಸ್ಕ್ರೀನ್ ನಿಂತುಹೋಗಿತ್ತು.’

ಅಷ್ಟು ಹೊತ್ತು ನಿಂತಿತ್ತೆಂದರೆ ಕೇಂದ್ರದ ಮುಖ್ಯಸ್ಥರು ನಂಬಲಿಲ್ಲ. ಅವಳನ್ನು ಕೆಲಸದಿಂದ ದೂರವಿಟ್ಟರು. ವಿಚಾರಣೆಗೆ ಯಂತ್ರದ ವರದಿಯೂ ಬೇಕಿತ್ತು, ನಿಧಾನಪ್ಪನ ಕಂಪನಿಗೆ ಹೇಳಿ ಕಳಿಸಿದರು. ಅವಳು ತನ್ನ ಅತ್ತಿಗೆ ಎಂದು ಅವನು ಮೊದಲೇ ಹೇಳಿದ. ಮುಖ್ಯಸ್ಥರು ಕೆಟ್ಟವರಲ್ಲ, ದಣಿದವರು. ‘ಒಳ್ಳೇದೇ ಆಯ್ತು. ನಾನು ಹೇಳಿದ್ರೆ ಅವರಿಗೆ ಬೇಜಾರು. ನೀವೇ ನೋಡಿ, ನೀವೇ ಹೇಳಿ’ ಎಂದು ಒಂದು ನಕ್ಷೆಯನ್ನು ಮುಂದಿಟ್ಟರು. ಸ್ಕ್ರೀನು ಉತ್ತರ ಕೊಡಲು ತೆಗೆದುಕೊಳ್ಳುವ ಸರಾಸರಿ ಸಮಯ, ಕಣ್ಣು ಮಿಟುಕಿಸುವಷ್ಟು. ‘ನಾನೂ ಇದೇ ಕುರ್ಚೀಲಿ ಕೂತು ಮೇಲೆ ಬಂದೋನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ತಿಳ್ಕೋಬೇಡಿ.’

ನಿಧಾನಪ್ಪ ನಕ್ಷೆಯನ್ನು ಬಹಳ ಹೊತ್ತು ನೋಡಿದ. ಐದು ಜನರ ಮನೆಯಲ್ಲಿ ಒಬ್ಬನಿಗೆ ಜ್ವರ ಸುಡುತ್ತಿದ್ದರೂ ಐವರ ಸರಾಸರಿ ತೆಗೆದರೆ ಯಾರಿಗೂ ಜ್ವರವಿಲ್ಲ. ‘ತಾಳಿ, ನೋಡಿ ಹೇಳ್ತೀನಿ’ ಎಂದ.

ಮನೆಯಲ್ಲಿ ಅತ್ತಿಗೆ ಒಲೆಯ ಮುಂದೆ ನಿಂತಿದ್ದಳು. ಹಾಲು ಉಕ್ಕಿ ಚೆಲ್ಲುತ್ತಿದ್ದರೂ ನೋಡುತ್ತಲೇ ಇದ್ದಳು. ಅಣ್ಣ ಬಂದು ಒಲೆ ಆರಿಸಿದ. ಕೆಲಸ ಹೋದರೆ ಹೋಗಲಿ, ಸಾವಿರ ಕೆಲಸ ಸಿಗುತ್ತವೆ ಎಂದು ಅಣ್ಣ ದಿನಕ್ಕೆರಡು ಸಲ ಸಮಾಧಾನ ಹೇಳುತ್ತಿದ್ದ. ಅವಳ ಸಂಕಟ ಕೆಲಸದ್ದಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

‘ನಿಧಾನಪ್ಪ, ನಂಗೆ ಒಂದೇ ಒಂದು ಗೊತ್ತಾಗಬೇಕು’ ಎಂದಳು ಅತ್ತಿಗೆ. ‘ನಿಂತಿದ್ದು ಅದಾ, ನಾನಾ? ಎಲ್ಲರೂ ನಾನು ತೂಕಡಿಸ್ತಿದ್ದೆ ಅಂತಾರೆ. ಕೇಳಿ ಕೇಳಿ ನಂಗೂ ಹಾಗೇ ಅನ್ನಿಸೋಕೆ ಶುರುವಾಗಿದೆ. ಆ ಹೊತ್ತಲ್ಲಿ ನಾನು ಏನು ಮಾಡ್ದೆ ಅಂತ ನೆನಪೇ ಬರಲ್ಲ. ಆ ಅಮ್ಮ ಕೂಗ್ತಾ ಇದ್ದದ್ದೊಂದೇ ನೆನಪು.’

‘ತಾಳಿ ಅತ್ತಿಗೆ, ನೋಡಿ ಹೇಳ್ತೀನಿ.’

‘ನೀನು ಹೇಳಿದ್ರೆ ನಂಬ್ತೀನಿ. ಎಷ್ಟು ತಡವಾದ್ರೂ ಪರವಾಗಿಲ್ಲ.’

ಅವನು ಕೇಂದ್ರಕ್ಕೆ ಹೋಗಿ ಅವಳ ಮೇಜಿಗೆ ಕೂತ. ಸಾಲಿನ ಕೊನೆಯ ಮೇಜು, ಪಕ್ಕದಲ್ಲಿ ಗೋಡೆ, ಗೋಡೆಯ ಮೇಲೆ ಹಿಂದೆಂದೋ ಒರಗಿದವರ ತಲೆಯ ಎಣ್ಣೆ ಕಲೆ. ಕರ್ನಲ್‌ನ ಒಳಗೆ ಇಣುಕುವ ತನ್ನ ಸಲಕರಣೆಗಳನ್ನೆಲ್ಲ ಹೂಡಿ, ಪಕ್ಕದವಳಿಂದ ಸುಳ್ಳು ಕರೆ ಮಾಡಿಸಿ, ವಿಳಾಸದ ಮೇಲೆ ವಿಳಾಸ ಟೈಪ್ ಮಾಡಿದ. ಸ್ಕ್ರೀನು ಒಂದು ಸಲವೂ ತಡವರಿಸಲಿಲ್ಲ. ಮರುದಿನವೂ ಅದೇ ಕಥೆ. ಯಂತ್ರ ಅತ್ತೆಯ ಎದುರಿನ ಹೊಸ ಸೊಸೆಯ ಹಾಗೆ ಚುರುಕಾಗಿತ್ತು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಅವನು ಕಾದ. ಬರಲಿಲ್ಲ. ಮುಖ್ಯಸ್ಥರು ಹಾದುಹೋಗುವಾಗ ಕನಿಕರದಿಂದ ನೋಡುತ್ತಿದ್ದರು. ಯಂತ್ರ ಸರಿಯಿದೆ ಎಂದು ಬರೆಯಬೇಕಾಗಿ ಬಂದರೆ, ಅತ್ತಿಗೆ ತೂಕಡಿಸಿದಳು ಎಂದು ತನ್ನ ಕೈಯಾರೆ ಬರೆದಂತೆ.

ಸಂಜೆ ಮನೆಗೆ ಬಂದು ಸೋತ ಮುಖದಲ್ಲಿ ಕೇಳಿದ. ‘ಅತ್ತಿಗೆ, ಅದು ಯಾವಾಗ ನಿಲ್ಲುತ್ತೆ? ಬಿಡುವಿಲ್ಲದಷ್ಟು ಕರೆ ಬರ್ತಿರುವಾಗಲಾ?’

‘ಅಯ್ಯೋ, ಆಗ ನಿಲ್ಲಲ್ಲ’ ಎಂದಳು ಅವಳು. ‘ನಂದು ಕೊನೇ ಮೇಜು. ಉಳಿದೋರೆಲ್ಲ ಮಾತಾಡ್ತಿದ್ರೆ ಮಾತ್ರ ನಂಗೆ ಕರೆ ಬರುತ್ತೆ. ಎಷ್ಟೋ ಹೊತ್ತು ಸುಮ್ಮನೆ ಕೂತಿರ್ತೀನಿ. ಹಾಗೆ ಕೂತು ಕೂತು ಆಮೇಲೆ ಬರೋ ಮೊದಲನೇ ಕರೆಗೇ ಅದು ಮುನಿಸ್ಕೊಳ್ಳೋದು. ಊಟ ಆದ್ಮೇಲೆ ಜಾಸ್ತಿ. ಆಮೇಲೆ ಸರಿಹೋಗುತ್ತೆ.’

ನಿಧಾನಪ್ಪ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ತನ್ನ ಪೆದ್ದುತನ ಅವನಿಗೆ ಕಾಣಿಸಿತು. ಇದು ಅವನ ಕಸುಬಿನವರು ಮಾತ್ರ ಮಾಡುವ ತಪ್ಪು. ಕಾಯಿಲೆ ನೋಡಲೆಂದು ಅವನು ಯಂತ್ರವನ್ನು ಬಿಡದೆ ಮಾತಾಡಿಸುತ್ತಿದ್ದ. ಅದಕ್ಕಿದ್ದ ಕಾಯಿಲೆಯೋ ಯಾರೂ ಮಾತಾಡಿಸದಿದ್ದಾಗ ಬರುವಂಥದು.

ಕರ್ನಲ್‌ಗೆ ಒಂದು ಲೆಕ್ಕವಿದೆ. ಮೆಮೊರಿ ಎಂದರೆ ಕೈಗೆಟುಕುವ ಗೂಡು, ಜಾಗ ಕಡಿಮೆ. ಯಾರೋ ಹೊಸಬರು ಜಾಗ ಕೇಳಿದರೆ, ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನು ತೆಗೆದು ಡಿಸ್ಕಿಗೆ ಸಾಗಿಸುತ್ತದೆ. ಅವನ ಆಫೀಸಿನಲ್ಲಿ ಇದಕ್ಕೆ ‘ಅಟ್ಟಕ್ಕೆ ಹಾಕೋದು’ ಎನ್ನುತ್ತಿದ್ದರು. ಬೇಕಾದಾಗ ಏಣಿ ಹಾಕಿ ಇಳಿಸಿಕೊಂಡರಾಯಿತು. ಕೇಂದ್ರದಲ್ಲಿ ಮಧ್ಯಾಹ್ನ ಊಟದ ನಂತರ ಆ ದಿನದ ಧ್ವನಿಮುದ್ರಣಗಳನ್ನೆಲ್ಲ ಇನ್ನೊಂದು ಕಡೆಗೆ ನಕಲು ಮಾಡುವ ಕೆಲಸ ನಡೆಯುತ್ತಿತ್ತು. ಅದು ಜಾಗವನ್ನೆಲ್ಲ ಕಬಳಿಸುವ ಬಕಾಸುರ ಕೆಲಸ. ಆಗ ಕರ್ನಲ್ ಸುತ್ತ ನೋಡುತ್ತದೆ. ಕೊನೆಯ ಮೇಜಿನ ಫಾರಂ ಸುಮ್ಮನೆ ಕೂತಿದೆ. ಇದು ಯಾರಿಗೂ ಬೇಡವಾದದ್ದು ಎಂದುಕೊಂಡು ಅಟ್ಟಕ್ಕೆ ಹಾಕುತ್ತದೆ. ಅದರ ನಿಯಮದಲ್ಲಿ ಅದು ತಪ್ಪಲ್ಲ. ಸುಮ್ಮನೆ ಕಾಯುವುದೇ ಕೆಲಸವಾದವರನ್ನು ಮನುಷ್ಯರೂ ಬೇಡವಾದವರೆಂದೇ ತಿಳಿಯುತ್ತಾರೆ, ಯಂತ್ರಕ್ಕೆ ಬೈದು ಏನು ಬಂತು?

ಮರುದಿನ ಅವನು ಸಲಕರಣೆಗಳನ್ನೆಲ್ಲ ಕಿತ್ತು, ಡಿಸ್ಕಿಗಾಗಿ ಕಾದ ಹೊತ್ತನ್ನು ಮಾತ್ರ ಅಳೆಯುವ ಒಂದು ಪುಟ್ಟ ಬಲೆ ಹಾಕಿ, ಮೇಜಿನಿಂದ ಎದ್ದು ಹೊರಟ. ಯಾರೂ ಮುಟ್ಟಬೇಡಿ ಎಂದ. ಹೊರಗಿನ ಓಣಿಯಲ್ಲಿ ನೀರಿನ ಯಂತ್ರದ ಪಕ್ಕ ಬೆಂಚಿನ ಮೇಲೆ ಕೈಕಟ್ಟಿ ಕೂತ. ಕೆಲಸಗಳ್ಳನಂತೆ ಕಾಣುತ್ತಿದ್ದ. ಅಂದು ಅವನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದೇ. ಊಟದ ಹೊತ್ತು ಕಳೆದು, ನಕಲಿನ ಕೆಲಸ ಶುರುವಾಗಿ ಸಾಕಷ್ಟು ಹೊತ್ತಾದ ಮೇಲೆ ಎದ್ದು ಹೋಗಿ ಮುಖ್ಯಸ್ಥರನ್ನು ಕರೆದ.

‘ನೀವೇ ಕೂತ್ಕೊಳ್ಳಿ ಸರ್. ನಿಮಗೆ ಅಭ್ಯಾಸ ಇದೆಯಲ್ಲ.’

ಮುಖ್ಯಸ್ಥರು ನಗುತ್ತಾ ಹೆಡ್‌ಫೋನ್ ಹಾಕಿಕೊಂಡರು. ಪಕ್ಕದ ಕೋಣೆಯಿಂದ ಒಬ್ಬಳು ಕರೆ ಮಾಡಿ, ಕಾಗದ ನೋಡಿಕೊಂಡು ಒಂದು ಉದ್ದನೆಯ ವಿಳಾಸ ಓದಿದಳು. ಹಳೆಯ ಬೆರಳುಗಳು, ಮರೆತಿರಲಿಲ್ಲ, ಕೀಗಳ ಮೇಲೆ ಸರಸರ ಓಡಿದವು. ಫಾರಂ ಖಾಲಿಯಾಗಿಯೇ ಇತ್ತು. ಒಂದು ಅಕ್ಷರವೂ ಮೂಡಲಿಲ್ಲ.

‘ಏನಿದು? ಕೆಟ್ಟುಹೋಯ್ತಾ?’

‘ಕೆಟ್ಟಿಲ್ಲ ಸರ್. ಅಟ್ಟದಿಂದ ಇಳಿಸ್ತಾ ಇದೆ.’

ಹೊತ್ತು ಹೋಗುತ್ತಿತ್ತು. ನಕಲಿನ ಕೆಲಸ ಡಿಸ್ಕನ್ನು ಬಿಟ್ಟುಕೊಡದೆ ಹಿಡಿದಿತ್ತು, ಏಣಿಯ ಮೇಲೆ ನೂಕುನುಗ್ಗಲು. ಪಕ್ಕದ ಕೋಣೆಯವಳು, ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ‘ಹಲೋ, ಹಲೋ, ಕೇಳಿಸ್ತಿದೆಯಾ’ ಎನ್ನತೊಡಗಿದಳು. ಮುಖ್ಯಸ್ಥರ ಮುಖದ ನಗು ಇಳಿಯಿತು. ‘ಒಂದು ನಿಮಿಷ ಇರಿ ಅಮ್ಮ’ ಎಂದರು. ಸುಳ್ಳು ಕರೆ ಎಂದು ಗೊತ್ತಿದ್ದರೂ ಅವರ ಧ್ವನಿ ನಡುಗಿತು. ಆಗ ಅವರ ಬಲಗೈ ತಾನಾಗಿಯೇ ಮೂಲೆಯ ಕೀಗೆ ಹೋಗಿ ಅದನ್ನು ಒತ್ತಿತು. ಮತ್ತೆ ಒತ್ತಿತು. ಅದು ಫಾರಂ ಅಳಿಸಿ ಹೊಸದನ್ನು ತೆರೆಯುವ ಕೀ. ಬರೆದದ್ದು ಮೂಡದಿದ್ದರೆ ಅಳಿಸಿ ಮೊದಲಿಂದ ಶುರುಮಾಡು, ಇದು ಆ ಕೋಣೆಯಲ್ಲಿ ಎಲ್ಲರ ಬೆರಳಿಗೂ ಅಂಟಿದ ಅಭ್ಯಾಸ.

ಸ್ಕ್ರೀನು ಎಚ್ಚರಗೊಂಡಿತು. ಇಡೀ ವಿಳಾಸ ಒಮ್ಮೆಲೇ ಮೂಡಿತು, ಬೀದಿ, ಮನೆಯ ಸಂಖ್ಯೆ, ಮಹಡಿ, ಎಲ್ಲ. ಓದಲು ಕಣ್ಣು ಹೋಗುವಷ್ಟರಲ್ಲಿ ಅಳಿಸಿಹೋಯಿತು. ಬಿಳಿಯ ಫಾರಂ ಉಳಿಯಿತು.

‘ಎಲ್ಲಿ ಹೋಯ್ತು?’ ಎಂದರು ಮುಖ್ಯಸ್ಥರು. ಆಮೇಲೆ ಮೈಕಿಗೆ, ‘ಅಮ್ಮ, ವಿಳಾಸ ಇನ್ನೊಂದು ಸಲ ಹೇಳಿ’ ಎಂದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ‘ಪಾಪ, ಆಯಮ್ಮ ನಿಜಾನೇ ಹೇಳಿದ್ರು. ನಾನು ಎಂಥ ಮಾತು ಆಡಿಬಿಟ್ಟೆ. ನಾಳೇನೇ ವಾಪಸ್ ಬರೋಕೆ ಹೇಳಿ.’

ಅವರು ಅಷ್ಟನ್ನೇ ನೋಡಿದ್ದರು. ನಿಧಾನಪ್ಪ ಉಳಿದದ್ದನ್ನೂ ನೋಡಿದ್ದ.

ಹಿಂದೆ ಒಂದು ದಿನ ಊಟ ಮಾಡುತ್ತಾ ಅವನೇ ಅತ್ತಿಗೆಗೆ ಹೇಳಿದ್ದ. ಸ್ಕ್ರೀನ್ ನಿಂತಾಗ ನೀವು ಒತ್ತಿದ್ದು ಎಲ್ಲೂ ಹೋಗಲ್ಲ ಅತ್ತಿಗೆ. ಕರ್ನಲ್ ಎಲ್ಲ ಕೀಗಳನ್ನೂ ಇಸ್ಕೊಂಡು ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿರುತ್ತೆ, ಪ್ರೋಗ್ರಾಂ ಎದ್ದ ತಕ್ಷಣ ಒಂದೊಂದಾಗಿ ಒಳಗೆ ಬಿಡುತ್ತೆ. ಅದಕ್ಕೇ ನಿಂತಾಗ ಏನೂ ಒತ್ತಬೇಡಿ, ಕೈ ಮೇಲೆತ್ತಿ ಸುಮ್ಮನಿದ್ದುಬಿಡಿ, ಬರೆದದ್ದು ತಾನಾಗೇ ಬರುತ್ತೆ. ಅತ್ತಿಗೆ ಅದನ್ನು ಕೇಂದ್ರದಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಳು. ‘ನಮ್ಮ ನಿಧಾನಪ್ಪ ಹೇಳಿದಾನೆ, ಕೈ ಎತ್ತಿ ಅಂತ.’ ಹೊಸಬರಿಗಂತೂ ಅವಳು ಕೈ ಮೇಲೆತ್ತಿ ತೋರಿಸುತ್ತಿದ್ದಳು, ಪೊಲೀಸರೆದುರಿನ ಕಳ್ಳರ ಹಾಗೆ, ಎಲ್ಲರೂ ನಗುತ್ತಿದ್ದರು.

ಧ್ವನಿಮುದ್ರಣದಲ್ಲಿ ಅವಳು ವಿಳಾಸವನ್ನು ಮತ್ತೆ ಕೇಳುತ್ತಾಳೆ. ಕೈ ಎತ್ತಿ ಕೂತಿದ್ದರೆ ಕೇಳಬೇಕಾಗಿರಲಿಲ್ಲ. ಸ್ಕ್ರೀನು ಎದ್ದಾಗ ವಿಳಾಸ ಅಲ್ಲೇ ಇರುತ್ತಿತ್ತು, ಕಳಿಸಿದರೆ ಸಾಕಿತ್ತು. ಗಾಡಿ ತಡವಾಗಿ ಹೊರಡುತ್ತಿತ್ತು, ಆದರೆ ಇಷ್ಟು ತಡವಾಗಿ ಅಲ್ಲ. ದರ್ಜಿ ಉಳಿಯುತ್ತಿದ್ದನೋ ಏನೋ, ಅದನ್ನು ಅಳೆಯುವ ಸಲಕರಣೆ ಯಾರ ಹತ್ತಿರವೂ ಇಲ್ಲ. ಆದರೆ ಅಂದು ಫಾರಂ ಖಾಲಿಯಾಗಿ ಎದ್ದಿತ್ತು. ಖಾಲಿಯಾಗಿ ಏಳಲು ಇದ್ದದ್ದು ಒಂದೇ ದಾರಿ, ಅದನ್ನು ಈಗಷ್ಟೇ ಮುಖ್ಯಸ್ಥರ ಬೆರಳು ತೋರಿಸಿತ್ತು.

ಅವನು ಕೊನೆಯ ಮೇಜಿಗೆ ಕೂತು ಕರ್ನಲ್‌ಗೆ ಒಂದು ಸಾಲು ಬರೆದ: ಈ ಫಾರಂ ಎಷ್ಟೇ ಹೊತ್ತು ಸುಮ್ಮನಿದ್ದರೂ ಅಟ್ಟಕ್ಕೆ ಹಾಕಬೇಡ. ಒಂದೇ ಸಾಲು. ಒಬ್ಬ ಮನುಷ್ಯನ ಜೀವ ಹೋದ ಮೇಲೆ ಬರೆದ ಆ ಸಾಲು ಅವನಿಗೆ ಅಸಹ್ಯ ಹುಟ್ಟಿಸಿತು. ವರದಿಯಲ್ಲಿ ಯಂತ್ರ ನಿಂತದ್ದನ್ನು ಬರೆದ, ಯಾಕೆ ನಿಂತಿತೆಂದು ಬರೆದ, ನಿಂತಿರುವಾಗ ಒತ್ತಿದ ಅಳಿಸುವ ಕೀಯನ್ನು ಇನ್ನು ಮುಂದೆ ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದೂ ಬರೆದ. ಯಾರು ಒತ್ತಿದರು ಎಂದು ಯಾರೂ ಕೇಳಿರಲಿಲ್ಲ, ಅವನು ಬರೆಯಲಿಲ್ಲ. ಬಸ್ಸಿನಲ್ಲಿ ಮನೆಯವರೆಗೂ ಒಂದೇ ಮಾತನ್ನು ಮನಸ್ಸಿನಲ್ಲಿ ಉರುಹೊಡೆಯುತ್ತಾ ಬಂದ. ಅವಳು ಕೇಳಿದರೆ ಹೇಳಬೇಕಾದ ಮಾತು.

ಮುಖ್ಯಸ್ಥರು ಆಗಲೇ ಫೋನ್ ಮಾಡಿದ್ದರು. ಬಾಗಿಲು ತೆಗೆದದ್ದು ಅಣ್ಣ, ಅವನ ಮುಖ ಹಬ್ಬವಾಗಿತ್ತು. ‘ಬಾರೋ ನನ್ನಪ್ಪ. ನಾನು ಹೇಳಿರಲಿಲ್ವಾ, ಎಲ್ಲೋ ತಂತಿ ಕಿತ್ತಿದೆ ಅಂತ? ಇವಳದ್ದೇನೂ ತಪ್ಪಿಲ್ಲ.’

ಅತ್ತಿಗೆ ಹಗ್ಗದಿಂದ ತೆಗೆದ ಬಟ್ಟೆಗಳನ್ನು ಮಂಚದ ಮೇಲೆ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಕಣ್ಣು ಊದಿತ್ತು, ಆದರೆ ಎಷ್ಟೋ ದಿನಗಳ ನಂತರ ಮುಖದಲ್ಲಿ ಒಂದಿಷ್ಟು ಕಳೆಯಿತ್ತು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

‘ನಿಜವಾಗ್ಲೂ ನಿಂತಿತ್ತಾ?’

ಅವನು ಎಂದಿನಂತೆ ಯೋಚಿಸಿದ. ಬಲೆ ಅಳೆದದ್ದನ್ನು, ತಾನು ಕಣ್ಣಾರೆ ಕಂಡದ್ದನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ. ‘ನಿಂತಿತ್ತು ಅತ್ತಿಗೆ. ನೀವು ತೂಕಡಿಸಿರಲಿಲ್ಲ. ವಿಳಾಸಾನ ಪೂರ್ತಿ ಟೈಪ್ ಮಾಡಿದ್ರಿ.’

ಅವಳು ಉಸಿರು ಬಿಟ್ಟಳು. ಕೈಯಲ್ಲಿದ್ದ ಅಂಗಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಅದರ ಗುಂಡಿಯನ್ನು ಬೆರಳಿನಿಂದ ಒತ್ತುತ್ತಾ, ಅವನ ಕಡೆ ನೋಡದೆ ಕೇಳಿದಳು.

‘ಹಾಗಾದ್ರೆ ಆ ವಿಳಾಸ ಎಲ್ಲಿ ಹೋಯ್ತು? ನಿಂತಾಗ ನಾನು ಏನಾದ್ರೂ ಒತ್ತಿದ್ನಾ?’

‘ಇಲ್ಲ ಅತ್ತಿಗೆ.’

ಅವಳ ಮಾತು ಮುಗಿದಿತ್ತೋ ಇಲ್ಲವೋ. ಅಣ್ಣ ‘ನೋಡಿದ್ಯಾ, ನೋಡಿದ್ಯಾ’ ಎಂದು ತೊಡೆ ತಟ್ಟಿಕೊಂಡ. ಅತ್ತಿಗೆಯ ಕೈ ಗುಂಡಿಯ ಮೇಲೆಯೇ ನಿಂತಿತು. ಅವಳು ಮೈದುನನ ಮುಖವನ್ನು ನೋಡಿದಳು, ಅವನಿಗೆ ಜ್ವರ ಬಂದರೆ ನೋಡುತ್ತಿದ್ದ ಹಾಗೆ ನೋಡಿದಳು. ಮುಖದ ಮೇಲಿದ್ದ ಒಂದಿಷ್ಟು ಕಳೆಯೂ ಹೋಯಿತು.

‘ಇಷ್ಟು ವರ್ಷದಲ್ಲಿ ನೀನು ಯಾವತ್ತೂ ಇಷ್ಟು ಬೇಗ ಉತ್ತರ ಕೊಟ್ಟಿಲ್ಲ, ನಿಧಾನಪ್ಪ’ ಎಂದಳು.

ಅವನು ಬಾಯಿ ತೆರೆದ. ಏನು ಹೇಳಬೇಕೆಂದು ಯೋಚಿಸತೊಡಗಿದ, ಈ ಸಲ ಎಂದಿನಂತೆ ತಡವಾಯಿತು. ಅಣ್ಣ ಆಗಲೇ ಒಳಗೆ ಹೋಗಿ ಕಾಫಿಗೆ ನೀರಿಡುತ್ತಾ ಏನೋ ಹಾಡು ಗುನುಗುತ್ತಿದ್ದ. ಅತ್ತಿಗೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಎರಡೂ ಕೈಗಳನ್ನು ಬಟ್ಟೆಯ ಮೇಲಿಂದ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು, ಮತ್ತು ಅವನ್ನು ಅಲುಗಾಡಿಸದೆ ಕೂತಳು.